ತೊರವೆಯ ಸುರಂಗವೂ ಕುಮಟಗಿಯ ಧಾರಾಗೃಹವೂ

ಜಲಪಾತವನ್ನು ನೋಡಬೇಕೆನ್ನುವ ವಿಜಾಪುರದವರು ಬಹುಶಃ ಗೋಕಾಕಕ್ಕೆ ಹೋಗುವರು. ಅನುಕೂಲವುಳ್ಳವರು ಶರಾವತಿಯ ಜೋಗದವರೆಗೂ ಹೋಗಿಬರುವರು. ಅದು ಸಹಜವೇ ಸರಿ. ಎರೆಯ ಹೊಲಗಳನ್ನೂ ಡೋಣಿಯ ಉಪ್ಪುನೀರನ್ನೂ ಕಂಡು ಬೇಸತ್ತ ಕಣ್ಣಿಗೆ ಘಟಪ್ರಭೆಯು ಸುಮಾರು 170 ಅಡಿ ಎತ್ತರದಿಂದ ಧುಮ್ಮಿಕ್ಕುವ ನೋಟವು ಹಬ್ಬವಲ್ಲದೆ ಮತ್ತೇನು? ಆದರೆ ನಿಸರ್ಗವು ಕೊಡದಿದ್ದ ಧಾರೆಯನ್ನು ಮನುಷ್ಯನು ತನ್ನ ಬುದ್ಧಿಯಿಂದಲೇ ಸೃಷ್ಟಿಸಿಕೊಂಡ ಸ್ಥಳಗಳು ನಮ್ಮ ಬಾಗಿಲಲ್ಲಿಯೇ ಇರುವವು. ಸಿದ್ಧೇಶ್ವರ ಗುಡಿಯಿಂದ ಬೆಳಿಗ್ಗೆ ವಾಹನದಲ್ಲಿ ಹೊರಟರೆ ಅವೆರಡನ್ನೂ ನೋಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಹುದು.

ಗುಡಿಯಿಂದಲೇ ಹೊರಡಬೇಕೆಂಬುದಕ್ಕೆ ಕಾರಣವುಂಟು. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಅಗೆಯಿಸಿದ ಶರಣರು. ಬಾಯಾರಿದವರಿಗೆ ನೀರು ಒದಗಿಸುವದನ್ನು ಶಿವಯೋಗದ ಅಂಗವನ್ನಾಗಿಯೇ ಮಾಡಿಕೊಂಡವರು. ಅವರ ಹೆಸರಿನ ಸಂಕ್ರಾಂತಿಯ ಜಾತ್ರೆಗೆ ದನಗಳ ಸಂತೆ ನೆರೆಯುವದು ತೊರವೆಯಲ್ಲಿ. ನಾವು ಹಿಡಿಯುವ ಹಾದಿಯೂ ಅದೇ, ಪಡುವಣ ದಿಕ್ಕಿನ ಟಿಕೋಟೆಯ ರಸ್ತೆ.

ತೊರವೆಯು ನಗರದಿಂದ ಸುಮಾರು ಐದು ಮೈಲು. ಕುಮಾರ ವಾಲ್ಮೀಕಿಯು ಸುಮಾರು 1500ರ ವೇಳೆಗೆ ಭಾಮಿನಿಯಲ್ಲಿ ರಾಮಾಯಣವನ್ನು ಹಾಡಿದ್ದು ಈ ಊರ ನರಸಿಂಹನ ಸನ್ನಿಧಿಯಲ್ಲಿ. ಅದೇ ಮಗ್ಗುಲಲ್ಲಿ ಎರಡನೆಯ ಇಬ್ರಾಹಿಮ ಆದಿಲಶಹನು 1599ರಲ್ಲಿ ನವರಸಪುರವೆಂಬ ಹೊಸ ರಾಜಧಾನಿಯನ್ನು ಕಟ್ಟಿಸತೊಡಗಿದನು. ತನ್ನ ‘ಕಿತಾಬ್-ಎ-ನೌರಸ್’ದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ ಅರಸನೀತನು. ಪಟ್ಟಣವು ಪೂರ್ತಿಯಾಗುವ ಮೊದಲೇ 1624ರಲ್ಲಿ ಅಹಮದನಗರದ ಮಲಿಕ ಅಂಬರನ ದಂಡು ಅದನ್ನು ಸೂರೆಮಾಡಿತು. ಸಂಗೀತ ಮಹಲಿನ ಮಹಾಕಮಾನು ಇಂದಿಗೂ ನಿಂತಿದೆ. ಊರು ಮಾತ್ರ ಮತ್ತೆ ತಲೆಯೆತ್ತಲಿಲ್ಲ.

ಅರಸನ ಕನಸು ಹೀಗೆ ಅರ್ಧಕ್ಕೆ ನಿಂತರೂ ನೆಲದೊಳಗಿನ ಕೆಲಸವು ಉಳಿಯಿತು. ಇಲ್ಲಿಯ ಸುರಂಗ ಬಾವಡಿಯನ್ನು ಬಾವಿಯೆಂದು ತಿಳಿದು ಇಣುಕಿ ನೋಡಿ ಹೋಗುವವರೇ ಹೆಚ್ಚು. ನಿಜವಾಗಿ ಅದು ನಗರಕ್ಕೆ ನೀರನ್ನೊಯ್ದ ಭೂಗತ ಕಾಲುವೆಯ ಮುಖ. ಸಣ್ಣ ಇಳಿಜಾರನ್ನು ಬಿಟ್ಟರೆ ಅದಕ್ಕೆ ಬೇರೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಗಾಳಿ ಬೆಳಕಿಗಾಗಿಯೂ ಹೂಳು ತೆಗೆಯುವದಕ್ಕಾಗಿಯೂ ನಡುನಡುವೆ ನೆಲದಿಂದ ಕಿಂಡಿಬಾವಿಗಳನ್ನು ಇಳಿಸಿದ್ದರು. ನೀರು ಕತ್ತಲೆಯಲ್ಲಿ ಹರಿದದ್ದರಿಂದ ನಮ್ಮ ವೈಶಾಖದ ಬಿಸಿಲು ಅದನ್ನು ಹೀರಲಾರದೆ ಹೋಯಿತು. ಈ ವಿದ್ಯೆ ಇರಾಣದಿಂದ ಬಂದದ್ದು. ಬೀದರದಲ್ಲಿಯೂ ಇಂಥದೇ ಉಂಟು. ವಿಶ್ವ ಸ್ಮಾರಕ ನಿಧಿಯವರು ಸಂರಕ್ಷಣೆಗೆ ಅರ್ಹವಾದ ಸ್ಥಳಗಳ 2020ರ ಯಾದಿಯಲ್ಲಿ ದಖ್ಖನಿನ ಪುರಾತನ ಜಲವ್ಯವಸ್ಥೆಗಳನ್ನು ಸೇರಿಸಿದರು. ಪರದೇಶದವರು ಹೇಳಿದ ಮೇಲಾದರೂ ನಾವು ಕಿಂಡಿಗಳಲ್ಲಿ ಕಸ ಸುರಿಯುವದನ್ನು ಬಿಡಬಾರದೇ?

ಇನ್ನು ಗಾಡಿಯನ್ನು ತಿರುಗಿಸಿ ಮೂಡಣಕ್ಕೆ ಸಿಂದಗಿಯ ಹಾದಿಯನ್ನು ಹಿಡಿಯಬೇಕು. ನಗರದಿಂದ ಸುಮಾರು ಹತ್ತು ಮೈಲಿನ ಮೇಲೆ ಕುಮಟಗಿಯ ಕೆರೆಯ ಬಳಿ ಆದಿಲಶಾಹಿಗಳ ಬೇಸಗೆಯ ವಿಹಾರಸ್ಥಾನವಿದೆ. ಚೌಕಾದ ಕೊಳ, ಅದರ ನಡುವೆ ಮಂಟಪ. ಪಕ್ಕದ ಗೋಪುರದ ತೊಟ್ಟಿಗೆ ನೀರನ್ನು ಏರಿಸಿ ಕೊಳವೆಗಳಿಂದ ಮಂಟಪದ ಛಾವಣಿಗೆ ಹಾಯಿಸುತ್ತಿದ್ದರು. ನೀರು ತಾನು ಹೊರಟ ಮಟ್ಟಕ್ಕೆ ಮರಳಿ ಏರಲು ಹವಣಿಸುವದಷ್ಟೆ. ಆ ಒತ್ತಡದಿಂದಲೇ ಅದು ಮೇಲಿನ ರಂಧ್ರಗಳಿಂದ ಮಳೆಯಾಗಿ ಸುರಿಯುತ್ತಿದ್ದಿತು.

ಪಾಠಶಾಲೆಯಲ್ಲಿ ಮೇಘದೂತವನ್ನು ಓದುವಾಗ ‘ಯಂತ್ರಧಾರಾಗೃಹ’ವೆಂಬ ಶಬ್ದಕ್ಕೆ ನಾನು ಅರ್ಥವನ್ನು ಬಾಯಿಪಾಠ ಮಾಡಿದ್ದೆನೇ ಹೊರತು ವಸ್ತುವನ್ನು ಕಂಡಿರಲಿಲ್ಲ. ಕಂಡದ್ದು ಕುಮಟಗಿಯಲ್ಲಿ. ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಇಂಥ ಜಲಗೃಹಗಳು ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತವೆಂದು ಐದು ಬಗೆಯಾಗಿವೆ. ಛಾವಣಿಯಿಂದ ಮಳೆಗರೆಯುವ ಈ ಮಂಟಪಕ್ಕೆ ಪ್ರವರ್ಷಣವೆಂಬ ಹೆಸರೇ ಚೆನ್ನಾಗಿ ಒಪ್ಪುವದು. ಇಷ್ಟರಿಂದ ಆದಿಲಶಾಹಿಯ ಶಿಲ್ಪಿಗಳು ಭೋಜನನ್ನು ಓದಿದ್ದರೆಂದು ವಾದಿಸುವ ಉತ್ಸಾಹ ನನಗಿಲ್ಲ. ಅಂಥ ವಾದದಿಂದ ಭೋಜನಿಗೂ ಗೌರವವಿಲ್ಲ, ಶಿಲ್ಪಿಗಳಿಗೂ ಇಲ್ಲ. ಸೆಕೆಯ ನಾಡಿನ ಜಾಣರಿಗೆ ಒಂದೇ ಉಪಾಯವು ಎರಡು ಸಲ ಹೊಳೆದಿರಬಾರದೇಕೆ?

ಮಂಟಪದ ಸಮೀಪದ ಕಟ್ಟಡದ ಗೋಡೆಗಳ ಮೇಲೆ ಚಿತ್ರಗಳಿದ್ದವು: ಕುದುರೆಯೇರಿ ಚೆಂಡಾಡುವವರು, ಜಟ್ಟಿಗಳು, ವಾದ್ಯಗಾರರು, ಐರೋಪ್ಯರು. ಹೆನ್ರಿ ಕಸಿನ್ಸರು 1916ರ ತಮ್ಮ ಗ್ರಂಥದಲ್ಲಿ ಇವನ್ನು ವರ್ಣಿಸಿರುವರು. ಈಗ ಅವುಗಳ ಬಹುಭಾಗವು ಮಾಸಿಹೋಗಿದೆ, ಉಳಿದ ಗಾರೆಯ ಮೇಲೆ ನೋಡಬಂದವರು ಮೊಳೆಯಿಂದ ತಮ್ಮ ಹೆಸರುಗಳನ್ನು ಕೊರೆದಿರುವರು. ಓದುಬರಹ ಕಲಿತದ್ದರ ಫಲವನ್ನು ಹೀಗೆಯೂ ತೋರಿಸುವರೆಂದು ಕಲಿಸಿದವನಾದ ನನಗೆ ನಾಚಿಕೆಯಾಯಿತು.

ಕುಮಟಗಿಯ ಮಳೆ ಅರಸರ ವಿಲಾಸಕ್ಕೆ, ತೊರವೆಯ ನೀರು ಊರಿನ ಬಾಯಾರಿಕೆಗೆ. ತೂಗಿದರೆ ನನ್ನ ತಕ್ಕಡಿಯು ತೊರವೆಯ ಕಡೆಗೇ ವಾಲುವದು. ಮಹಮ್ಮದ ಆದಿಲಶಹನು ಬಬಲೇಶ್ವರದ ಸೀಮೆಯ ಮಮದಾಪುರದಲ್ಲಿ 1633ರಲ್ಲಿ ಕಟ್ಟಿಸಿದ ಕೆರೆಯನ್ನೂ ಅದೇ ತಟ್ಟೆಯಲ್ಲಿಡುವೆನು. ಬಹುಕಾಲ ಒಣಗಿ ಬಿದ್ದಿದ್ದ ಆ ಕೆರೆಗೆ ಈಚೆಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ.

ಹಿಂದೊಮ್ಮೆ ಶಾಲೆಯ ಹುಡುಗರನ್ನು ಕುಮಟಗಿಗೆ ಕರೆದೊಯ್ದಾಗ ಒಬ್ಬ ಹುಡುಗನು ಛಾವಣಿಯ ತೂತುಗಳ ಕೆಳಗೆ ಅಂಗೈಯೊಡ್ಡಿ ಬಹಳ ಹೊತ್ತು ನಿಂತಿದ್ದನು. “ಬರೂದಿಲ್ಲೇನ್ರೀ, ಮಾಸ್ತರ?” ಎಂದು ಕೇಳಿದನು. ಉಳಿದವರು ನಕ್ಕರು. ನಾನು ನಗಲಿಲ್ಲ.