ಕಾಯುವ ಪಂಜರ



ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮಕ್ಕೆ ಚೆನ್ನೈನ ಅಣ್ಣಾನಗರದಿಂದ ಒಬ್ಬ ತಾಯಿ ಕರೆ ಮಾಡಿದ್ದರು. ಕೇಳಿದ್ದು ಒಂದು ಹಳೆಯ ಚಿತ್ರಗೀತೆ. ಹಾಡಿನ ಹೆಸರು ಹೇಳಿದ ಮೇಲೂ ಅವರು ಫೋನ್ ಇಡಲಿಲ್ಲ. "ನಮ್ಮ ಹುಡುಗ ಹಳೇ ಮಾರುತಿ ಕಾರು ತಂದು ಒಳಗಿನ ಸೀಟೆಲ್ಲ ಕಿತ್ತು ಹಾಕಿದ್ದಾನೆ ಕಣ್ರೀ. ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಓಡಿಸ್ತಾನಂತೆ. ಈ ವರ್ಷ ರೇಸಿನ ಬೆಲ್ಟು, ಮುಂದಿನ ವರ್ಷ ದುಡ್ಡಾದಾಗ ಪೈಪಿನ ಪಂಜರ ಅಂತಾನೆ. ಹಾಗೆ ಮಾಡಬಹುದಾ?" ಎಂದು ಕೇಳಿದರು.

ಕನ್ನಡ ಬಿ.ಎ. ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹೇಳುತ್ತೇನೆ ಎಂದು ಮಾತು ಕೊಟ್ಟು ಓದಲು ಕೂತೆ. ಆ ಓದಿನ ಸಾರಾಂಶ ಇದು.

ಪಂಜರ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಗಿಳಿ, ಸೆರೆ. ಆದರೆ ರಕ್ಷೆ ಬೇಡುವ ಸ್ತೋತ್ರಗಳಲ್ಲಿ 'ವಜ್ರಪಂಜರ' ಎಂಬ ಮಾತೂ ಇದೆ. ಅದು ಒಳಗಿದ್ದವನನ್ನು ಕಾಯುವ ಪಂಜರ. ರೇಸಿನ ಕಾರಿನಲ್ಲಿ 'ರೋಲ್ ಕೇಜ್' ಎನ್ನುವುದು ಇದನ್ನೇ. ಕಾರು ಮಗುಚಿದಾಗ ಚಾವಣಿ ಕುಸಿದು ತಲೆಯ ಮೇಲೆ ಬೀಳದಂತೆ ಉಕ್ಕಿನ ಕೊಳವೆಗಳು ಸುತ್ತಲೂ ನಿಂತು ಹಿಡಿಯುತ್ತವೆ.

1950ರ ದಶಕದ ಚಾಲಕರಲ್ಲಿ ಬಹಳ ಮಂದಿಗೆ ಇಂಥದ್ದೇನೂ ಬೇಕಿರಲಿಲ್ಲ. ಅವರಿಗೆ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಉರಿಯುವ ಕಾರಿನಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಹೊರಗೆ ಎಸೆಯಲ್ಪಡುವುದೇ ಮೇಲು ಎಂದು ನಂಬಿ ಬೆಲ್ಟು ಕಟ್ಟದೆ ಓಡಿಸುತ್ತಿದ್ದರು. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಮರ್ಸಿಡಿಸ್ ಕಾರೊಂದು ಹಾರಿ, ಅದರ ಭಾಗಗಳು ಜನರ ನಡುವೆ ನುಗ್ಗಿ, 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಅದರ ಚಾಲಕ ಪಿಯೆರ್ ಲೆವೆಗ್ ಹೊರಗೆ ಎಸೆಯಲ್ಪಟ್ಟರು, ಬದುಕಲಿಲ್ಲ. ಚಾಲಕನ ತಲೆಯ ಹಿಂದೆ ಒಂದು ಉಕ್ಕಿನ ಕಮಾನು ಇರಲೇಬೇಕೆಂಬ ನಿಯಮ ಫಾರ್ಮುಲಾ ಒನ್‌ಗೆ ಬಂದದ್ದು 1961ರಲ್ಲಿ.

1966ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಮಳೆಗೆ ಜಾರಿದ ಜಾಕಿ ಸ್ಟುವರ್ಟ್ ಅವರ ಕಾರು ನಜ್ಜುಗುಜ್ಜಾಯಿತು. ಪೆಟ್ರೋಲು ಮೈಮೇಲೆ ಸೋರುತ್ತಿತ್ತು, ಕಾಲು ಸಿಕ್ಕಿಕೊಂಡಿತ್ತು. ಬಿಡಿಸಲು ಯಾವ ಸಿಬ್ಬಂದಿಯೂ ಬರಲಿಲ್ಲ. ಸಹಸ್ಪರ್ಧಿಗಳಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್ ಪ್ರೇಕ್ಷಕರೊಬ್ಬರಿಂದ ಸ್ಪ್ಯಾನರ್ ಕಡ ತಂದು, ಸ್ಟಿಯರಿಂಗ್ ಬಿಚ್ಚಿ ಅವರನ್ನು ಹೊರಗೆಳೆದರು. ಆಮೇಲೆ ಸ್ಟುವರ್ಟ್ ತಮ್ಮ ಕಾರಿನಲ್ಲೇ ಒಂದು ಸ್ಪ್ಯಾನರ್ ಅಂಟಿಸಿಟ್ಟುಕೊಂಡರು. ಬೆಲ್ಟು, ಮುಖ ಮುಚ್ಚುವ ಹೆಲ್ಮೆಟ್ಟು, ಟ್ರ್ಯಾಕಿನ ಪಕ್ಕದಲ್ಲಿ ವೈದ್ಯರು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಅವರನ್ನು ಪುಕ್ಕಲ ಎಂದು ಆಡಿಕೊಂಡವರೂ ಇದ್ದರು.

ಲೆ ಮಾನ್ಸ್‌ನಲ್ಲಿ ಆಗ ಚಾಲಕರು ರಸ್ತೆ ದಾಟಿ ಓಡಿಬಂದು ಕಾರು ಹತ್ತುವ ಪದ್ಧತಿಯಿತ್ತು. ಆ ಅವಸರದಲ್ಲಿ ಬೆಲ್ಟು ಕಟ್ಟಲು ಪುರುಸೊತ್ತೆಲ್ಲಿ? 1969ರಲ್ಲಿ ಜಾಕಿ ಇಕ್ಸ್ ಎಂಬ ಬೆಲ್ಜಿಯಂ ತರುಣ ಓಡಲಿಲ್ಲ. ನಡೆದುಕೊಂಡೇ ಹೋಗಿ, ಬೆಲ್ಟು ಕಟ್ಟಿ, ಎಲ್ಲರಿಗಿಂತ ಕೊನೆಗೆ ಹೊರಟರು. ಮೊದಲ ಸುತ್ತಿನಲ್ಲೇ ಬೆಲ್ಟು ಕಟ್ಟದ ಜಾನ್ ವುಲ್ಫ್ ಕಾರಿನಿಂದ ಹೊರಗೆ ಬಿದ್ದು ತೀರಿಕೊಂಡರು. 24 ಗಂಟೆಗಳ ಬಳಿಕ ಸುಮಾರು 120 ಮೀಟರ್ ಅಂತರದಲ್ಲಿ ಗೆದ್ದವರು ಇಕ್ಸ್. ಮರುವರ್ಷದಿಂದ ಆ ಓಟ ನಿಂತಿತು.

ಬೆಲ್ಟು ಬಂತು, ಆದರೆ ಅರ್ಧ ಬೆಲ್ಟು ಇನ್ನೊಂದು ಪಾಠ ಕಲಿಸಿತು. ಯೋಖೆನ್ ರಿಂಟ್, ಬೆಂಕಿ ಬಿದ್ದರೆ ಬೇಗ ಹೊರಬರಬೇಕೆಂದು ತೊಡೆಸಂದಿನ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿರಲಿಲ್ಲ. 1970ರಲ್ಲಿ ಇಟಲಿಯ ಮೊಂಜಾದಲ್ಲಿ ಅವರ ಕಾರು ತಡೆಗೋಡೆಗೆ ಬಡಿದಾಗ ದೇಹ ಕೆಳಕ್ಕೆ ಜಾರಿ, ಬೆಲ್ಟೇ ಗಂಟಲಿಗೆ ಮುಳುವಾಯಿತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ಮರಣಾನಂತರ ಸಂದಿತು. 1972ರಲ್ಲಿ ಫಾರ್ಮುಲಾ ಒನ್‌ನಲ್ಲಿ ಆರು ಕಡೆ ಬಿಗಿಯುವ ಬೆಲ್ಟು ಕಡ್ಡಾಯವಾಯಿತು.

ಈಗ ದೇಹ ಸೀಟಿಗೆ ಭದ್ರವಾಯಿತು, ತಲೆ ಮಾತ್ರ ಸಡಿಲ. ಡಿಕ್ಕಿಯಾದಾಗ ಎದೆ ನಿಲ್ಲುತ್ತದೆ, ಹೆಲ್ಮೆಟ್ಟಿನ ಭಾರ ಹೊತ್ತ ತಲೆ ಮುಂದಕ್ಕೆ ಚಿಮ್ಮುತ್ತದೆ, ತಲೆಬುರುಡೆಯ ಬುಡ ಮುರಿಯುತ್ತದೆ. 1981ರಲ್ಲಿ ಪ್ಯಾಟ್ರಿಕ್ ಜಾಕ್ಮಾರ್ ಎಂಬ ಚಾಲಕ ಅಮೆರಿಕದಲ್ಲಿ ಹೀಗೇ ತೀರಿಕೊಂಡರು. ಅವರ ಗೆಳೆಯ, ರೇಸ್ ಚಾಲಕ ಜಿಮ್ ಡೌನಿಂಗ್, ತಮ್ಮ ಸೋದರಿಯ ಗಂಡ ರಾಬರ್ಟ್ ಹಬ್ಬರ್ಡ್ ಅವರ ಮುಂದೆ ಈ ಸಮಸ್ಯೆ ಇಟ್ಟರು. ಹಬ್ಬರ್ಡ್ ದೇಹದ ಮೇಲೆ ಬೀಳುವ ಪೆಟ್ಟುಗಳನ್ನು ಅಧ್ಯಯನ ಮಾಡುತ್ತಿದ್ದ ಪ್ರಾಧ್ಯಾಪಕರು. ಹೆಗಲ ಮೇಲೆ ಕೂತು, ಪಟ್ಟಿಗಳಿಂದ ಹೆಲ್ಮೆಟ್ಟನ್ನು ಹಿಡಿಯುವ 'ಹಾನ್ಸ್' ಎಂಬ ಸಾಧನ ಹೀಗೆ ಹುಟ್ಟಿತು. ಅದನ್ನು ತೊಡಲು ಬಹಳ ಜನ ಒಪ್ಪಲಿಲ್ಲ, ಕಿರಿಕಿರಿ ಎಂದರು. 2001ರ ಫೆಬ್ರುವರಿಯಲ್ಲಿ ಡೇಟೋನಾದ ಕೊನೆಯ ಸುತ್ತಿನಲ್ಲಿ ಅಮೆರಿಕದ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ಇದೇ ಗಾಯದಿಂದ. ಅದೇ ವರ್ಷ ಅಲ್ಲಿನ ನ್ಯಾಸ್ಕಾರ್ ರೇಸುಗಳಲ್ಲಿ, 2003ರಲ್ಲಿ ಫಾರ್ಮುಲಾ ಒನ್‌ನಲ್ಲಿ ಕುತ್ತಿಗೆಯ ರಕ್ಷೆ ಕಡ್ಡಾಯವಾಯಿತು.

ಈ ಸರಣಿಯಲ್ಲೇ ಆ ತಾಯಿಯ ಪ್ರಶ್ನೆಗೆ ಉತ್ತರವಿದೆ. ಒಂದು ಕೊಂಡಿ ಹಾಕಿ ಇನ್ನೊಂದನ್ನು ಬಿಟ್ಟರೆ, ಹಾಕಿದ್ದೇ ಅಪಾಯ ತರಬಹುದು.

ಅಮ್ಮಾ, ನಿಮ್ಮ ಮಗನಿಗೆ ಹೀಗೆ ಹೇಳಿ. ಪಂಜರವಿಲ್ಲದೆ ರೇಸಿನ ಬೆಲ್ಟು ಕಟ್ಟಬಾರದು. ಕಾರು ಮಗುಚಿ ಚಾವಣಿ ಕುಸಿದರೆ ಸಾಮಾನ್ಯ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಸ್ವಲ್ಪ ಎಡೆಯಿದೆ. ರೇಸಿನ ಬೆಲ್ಟು ಅವನನ್ನು ನೆಟ್ಟಗೆ ಕೂರಿಸಿ ಹಿಡಿದಿರುತ್ತದೆ, ಭಾರವೆಲ್ಲ ಕುತ್ತಿಗೆಗೆ. ಪಂಜರವನ್ನು ನಲ್ಲಿಗೆ ಹಾಕುವ ಜಿಐ ಪೈಪಿನಿಂದ ಮಾಡಿಸಬಾರದು. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ನಿಯಮದಂತೆ ಅದು ಬೆಸುಗೆಯ ಗೆರೆಯಿಲ್ಲದ ಉಕ್ಕಿನ ಕೊಳವೆ. ಚಾಲಕನ ಹಿಂದಿನ ಮುಖ್ಯ ಕಮಾನು 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ್ದು, ಇಲ್ಲವೇ 50ಕ್ಕೆ 2. ನಡುವೆ ಜೋಡಣೆಯಿರಬಾರದು, ಒಂದೇ ಕೊಳವೆಯನ್ನು ಬಗ್ಗಿಸಿರಬೇಕು. ಕಾಲುಗಳು ಬರಿಯ ತಗಡಿನ ಮೇಲೆ ನಿಂತರೆ ತಗಡನ್ನೇ ಚುಚ್ಚಿ ಇಳಿಯುತ್ತವೆ, ಆದ್ದರಿಂದ ಕೆಳಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ ಉಕ್ಕಿನ ಹಲಗೆ. ತಲೆ ತಾಗುವ ಕಡೆಯೆಲ್ಲ ಗಟ್ಟಿ ಮೆತ್ತೆ. ಬೈಕಿನ ಹೆಲ್ಮೆಟ್ ಸಾಲದು, ಕಾರು ರೇಸಿನದ್ದೇ ಬೇಕು, ಅದರಲ್ಲಿ ಬೆಂಕಿಯ ಪರೀಕ್ಷೆಯೂ ನಡೆದಿರುತ್ತದೆ. ಜೊತೆಗೆ ಹಾನ್ಸ್, ಬೆಂಕಿ ತಡೆಯುವ ಉಡುಪು, ಬೆಂಕಿ ಆರಿಸುವ ಸಿಲಿಂಡರು, ವಿದ್ಯುತ್ ಕಡಿಯುವ ಸ್ವಿಚ್ಚು.

ಇನ್ನೊಂದು ಮಾತು. ಪಂಜರ ಹಾಕಿದ ಕಾರನ್ನು ಹೆಲ್ಮೆಟ್ಟಿಲ್ಲದೆ ಊರ ರಸ್ತೆಗೆ ತರಬಾರದು. ಬರಿತಲೆಗೆ ಅದೇ ಉಕ್ಕು ಶತ್ರು.

ಎಲ್ಲ ಇದ್ದರೂ ಅಪಾಯ ಪೂರ್ತಿ ಹೋಗುವುದಿಲ್ಲ. 2023ರ ಜನವರಿಯಲ್ಲಿ ಇದೇ ಇರುಂಗಾಟ್ಟುಕೋಟೈಯಲ್ಲಿ ಒಬ್ಬ ಹಿರಿಯ, ಅನುಭವಿ ಚಾಲಕರ ಕಾರು ಮಗುಚಿ ಅವರು ತೀರಿಕೊಂಡರು. ಅದಕ್ಕೇ ಇಷ್ಟು ಎಚ್ಚರ. ದುಡ್ಡು ಒಟ್ಟಾಗುವವರೆಗೆ ಕಾರು ಶೆಡ್ಡಿನಲ್ಲೇ ಇರಲಿ. ಟ್ರ್ಯಾಕು ಎಲ್ಲಿಗೂ ಓಡಿಹೋಗುವುದಿಲ್ಲ.

ನಿಮ್ಮ ಹಾಡನ್ನು ಬರುವ ಭಾನುವಾರ ಹಾಕುತ್ತೇನೆ. ಮಗನ ಜೊತೆ ಕೂತು ಕೇಳಿ.