ಸೇಬರ್: ವಿಮಾನ ಸೀಟು ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆಯ ಇತಿಹಾಸ

ವಿಮಾನದ ಸೀಟುಗಳನ್ನು ಕಾಯ್ದಿರಿಸಲು ಅಮೆರಿಕನ್ ಏರ್‌ಲೈನ್ಸ್ ಕಂಪನಿಯು ಐಬಿಎಂ ಜೊತೆಗೂಡಿ ಕಟ್ಟಿದ ಕಂಪ್ಯೂಟರ್ ವ್ಯವಸ್ಥೆ ಸೇಬರ್. 1960ರಲ್ಲಿ ಇದರ ಯಂತ್ರಗಳ ಸ್ಥಾಪನೆಯಾಯಿತು. 1964ರ ಹೊತ್ತಿಗೆ ಕಂಪನಿಯ ಬುಕಿಂಗ್ ಕೆಲಸವೆಲ್ಲ ಇದರ ಮೂಲಕವೇ ನಡೆಯತೊಡಗಿತು. ಗುಮಾಸ್ತರ ಹೊರೆ ಇಳಿಸಲೆಂದು ಹುಟ್ಟಿದ ಈ ವ್ಯವಸ್ಥೆ ಕಾಲು ಶತಮಾನದೊಳಗೆ ಎದುರಾಳಿ ಕಂಪನಿಗಳನ್ನು ಹಿಂದಿಕ್ಕುವ ಸಾಧನವಾಗಿ ಬೆಳೆಯಿತು, ಕೊನೆಗೆ ಸರ್ಕಾರವೇ ಅದಕ್ಕೆ ಕಡಿವಾಣ ಹಾಕಬೇಕಾಯಿತು.

ಕಂಪ್ಯೂಟರ್ ಬರುವ ಮುನ್ನ ಒಂದೊಂದು ಹಾರಾಟಕ್ಕೂ ಒಂದೊಂದು ಕಾರ್ಡು ಇರುತ್ತಿತ್ತು. ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿದ್ದ ಕಚೇರಿಯಲ್ಲಿ ತಿರುಗುವ ತಟ್ಟೆಯ ಮೇಲೆ ಈ ಕಾರ್ಡುಗಳನ್ನು ಜೋಡಿಸಿಟ್ಟು, ಸುತ್ತ ಕುಳಿತ ನೌಕರರು ಬೇಕಾದ ಕಾರ್ಡನ್ನು ಹುಡುಕಿ ತೆಗೆದು ಗುರುತು ಹಾಕುತ್ತಿದ್ದರು. ಒಂದು ಬುಕಿಂಗ್ ಪೂರ್ತಿಯಾಗಲು ಸರಾಸರಿ 90 ನಿಮಿಷ ಹಿಡಿಯುತ್ತಿತ್ತು. 1946ರಲ್ಲಿ ಬಾಸ್ಟನ್ ಕಚೇರಿಗೆ ಬಂದ 'ರಿಸರ್ವೈಸರ್' ಎಂಬ ವಿದ್ಯುತ್ ಯಂತ್ರ ಸೀಟು ಉಂಟೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತಿತ್ತು; ಆ ಸೀಟು ಯಾರದೆಂಬ ವಿವರ ಕಾಗದದಲ್ಲೇ ಉಳಿಯಿತು. ತೊಡಕಿನ ಬೇರು ಇದ್ದದ್ದು ಇಲ್ಲಿಯೇ. ಸೀಟಿನ ಲೆಕ್ಕ ಒಂದು ಕಡೆ, ಪ್ರಯಾಣಿಕನ ಹೆಸರು ಇನ್ನೊಂದು ಕಡೆ ಇದ್ದರೆ ಎರಡೂ ತಾಳೆಯಾಗುವುದಿಲ್ಲ. ಒಂದೇ ಸೀಟು ಇಬ್ಬರಿಗೆ ಮಾರಾಟವಾಗುತ್ತದೆ, ಇಲ್ಲವೇ ಗಿರಾಕಿ ಇದ್ದರೂ ಸೀಟು ಖಾಲಿ ಹೋಗುತ್ತದೆ. 1959ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಕಂಪನಿಯ ಸೇವೆಗೆ ಬಂದು ಪ್ರಯಾಣದ ವೇಗವೂ ಸೀಟುಗಳ ಸಂಖ್ಯೆಯೂ ಏರಿದಾಗ ಈ ಪದ್ಧತಿ ಇನ್ನು ನಡೆಯದೆಂಬುದು ಸ್ಪಷ್ಟವಾಯಿತು.

ಅಷ್ಟರಲ್ಲಿ ಪರಿಹಾರದ ಹುಡುಕಾಟ ಶುರುವಾಗಿತ್ತು. 1953ರಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಕಂಪನಿಯ ಅಧ್ಯಕ್ಷ ಸಿ. ಆರ್. ಸ್ಮಿತ್ ಮತ್ತು ಐಬಿಎಂನ ಮಾರಾಟ ವಿಭಾಗದ ಆರ್. ಬ್ಲೇರ್ ಸ್ಮಿತ್ ಅಕ್ಕಪಕ್ಕದಲ್ಲಿ ಕುಳಿತಿದ್ದರು. ಅಮೆರಿಕದ ವಾಯುರಕ್ಷಣೆಗಾಗಿ ರೂಪುಗೊಳ್ಳುತ್ತಿದ್ದ 'ಸೇಜ್' ವ್ಯವಸ್ಥೆಯಲ್ಲಿ ಐಬಿಎಂ ಆಗ ತೊಡಗಿಕೊಂಡಿತ್ತು. ದೂರದ ರೇಡಾರ್‌ಗಳ ಮಾಹಿತಿಯನ್ನು ಫೋನ್ ತಂತಿಗಳ ಮೂಲಕ ಪಡೆದು ಆ ಕ್ಷಣದಲ್ಲೇ ಲೆಕ್ಕ ಹಾಕುವುದು ಸಾಧ್ಯವಾದರೆ, ದೂರದ ಕಚೇರಿಗಳಿಂದ ಬರುವ ಬುಕಿಂಗ್‌ಗಳನ್ನೂ ಹಾಗೆಯೇ ನಿಭಾಯಿಸಬಹುದಿತ್ತು. 1957ರಲ್ಲಿ ಎರಡೂ ಕಂಪನಿಗಳು ವ್ಯವಸ್ಥೆಯನ್ನು ರೂಪಿಸಲು ಒಪ್ಪಂದ ಮಾಡಿಕೊಂಡವು. ನ್ಯೂಯಾರ್ಕ್ ರಾಜ್ಯದ ಬ್ರಯರ್‌ಕ್ಲಿಫ್ ಮ್ಯಾನರ್‌ನಲ್ಲಿ ಎರಡು ಐಬಿಎಂ 7090 ಕಂಪ್ಯೂಟರ್‌ಗಳನ್ನು ನಿಲ್ಲಿಸಲಾಯಿತು. ಒಟ್ಟು ಖರ್ಚು ಸುಮಾರು 4 ಕೋಟಿ ಡಾಲರ್. ಪ್ರಯಾಣಿಕನ ಹೆಸರು, ಫೋನ್ ಸಂಖ್ಯೆ, ಪ್ರಯಾಣದ ವಿವರಗಳೆಲ್ಲ ಸೀಟಿನ ಲೆಕ್ಕದ ಜೊತೆಗೇ ಒಂದು ದಾಖಲೆಯಾಗಿ ಕೂಡಿಕೊಂಡದ್ದು ಇದರ ನಿಜವಾದ ಸಾಧನೆ. ನಮ್ಮ ರೈಲು ಟಿಕೆಟ್‌ಗಳ ಮೇಲೂ ಕಾಣುವ 'ಪಿಎನ್‌ಆರ್' (ಪ್ರಯಾಣಿಕರ ಹೆಸರಿನ ದಾಖಲೆ) ಎಂಬ ಹೆಸರು ವಿಮಾನಯಾನದ ಇದೇ ಪರಂಪರೆಯದು.

ಆದರೆ ಇಂಥ ಯಂತ್ರ ಎಲ್ಲರಿಗೂ ದಕ್ಕುವಂಥದು. ಐಬಿಎಂ ಇದೇ ಅನುಭವದಿಂದ ಬೇರೆ ವಿಮಾನ ಕಂಪನಿಗಳಿಗೂ ವ್ಯವಸ್ಥೆಗಳನ್ನು ಮಾಡಿಕೊಟ್ಟಿತು. ಅಮೆರಿಕನ್ ಏರ್‌ಲೈನ್ಸಿಗೆ ದೊಡ್ಡ ಮೇಲುಗೈ ಸಿಕ್ಕಿದ್ದು 1976ರ ನಂತರ, ಸೇಬರ್ ಪರದೆಗಳು ಟ್ರಾವೆಲ್ ಏಜೆಂಟರ ಮೇಜಿಗೆ ತಲುಪಿದಾಗ. ಯುನೈಟೆಡ್ ಕಂಪನಿಯೂ ತನ್ನ 'ಅಪೊಲೊ' ವ್ಯವಸ್ಥೆಯನ್ನು ಅದೇ ವರ್ಷ ಏಜೆಂಟರಿಗೆ ಕೊಡತೊಡಗಿತು. 1978ರ ಕಾಯ್ದೆಯು ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿದಾಗ ದರಗಳು ಪದೇ ಪದೇ ಬದಲಾಗತೊಡಗಿ, ಪರದೆಯಿಲ್ಲದ ಏಜೆಂಟನಿಗೆ ವ್ಯಾಪಾರವೇ ಕಷ್ಟವಾಯಿತು. ಪರದೆಯಲ್ಲಿ ಎಲ್ಲ ಕಂಪನಿಗಳ ಹಾರಾಟಗಳೂ ಇರುತ್ತಿದ್ದವು, ಆದರೆ ಮೇಲಿನ ಸಾಲುಗಳಲ್ಲಿ ಯಾರಿರಬೇಕೆಂಬುದನ್ನು ವ್ಯವಸ್ಥೆಯ ಒಡೆಯನೇ ನಿರ್ಧರಿಸುತ್ತಿದ್ದ. ಏಜೆಂಟರು ಬಹುಪಾಲು ಟಿಕೆಟ್‌ಗಳನ್ನು ಮೊದಲ ಪುಟದಿಂದಲೇ ಮಾರುತ್ತಿದ್ದುದರಿಂದ ಹಿಂದಿನ ಪುಟಕ್ಕೆ ಬಿದ್ದ ಕಂಪನಿಯ ಸೀಟುಗಳು ಉಳಿದುಬಿಡುತ್ತಿದ್ದವು. ತಮ್ಮ ಹಾರಾಟಗಳಿಗೆ ಆದ್ಯತೆ ಸಿಗಲೆಂದೇ ಈ ವ್ಯವಸ್ಥೆಯನ್ನು ಕಟ್ಟಿದ್ದು ಎಂದು ಅಮೆರಿಕನ್ ಏರ್‌ಲೈನ್ಸಿನ ರಾಬರ್ಟ್ ಕ್ರಾಂಡಲ್ ಸಮರ್ಥಿಸಿಕೊಂಡರು. ಈ ವಾದವನ್ನು ಒಪ್ಪಲಾಗದು. ಎಲ್ಲರ ಸರಕೂ ಮಾರಾಟವಾಗುವ ಸಂತೆಯ ತಕ್ಕಡಿ ಒಬ್ಬ ವ್ಯಾಪಾರಿಯ ಕೈಯಲ್ಲಿರಬಾರದು. 1984ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾಗಿದ್ದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ಇಂಥ ಪಕ್ಷಪಾತವನ್ನು ನಿಷೇಧಿಸಿತು.

ಪರದೆಯ ಮೇಲುಗೈ ಹೋದರೂ ಅದರ ಹಿಂದೆ ಕೂಡಿಬಿದ್ದಿದ್ದ ದತ್ತಾಂಶ ಉಳಿದಿತ್ತು. ಪದೇ ಪದೇ ಹಾರುವವರು ಯಾರೆಂಬುದನ್ನು ಸೇಬರ್ ದಾಖಲೆಗಳಿಂದಲೇ ಗುರುತಿಸಿ 1981ರಲ್ಲಿ 'ಅಡ್ವಾಂಟೇಜ್' ಎಂಬ ನಿಷ್ಠಾವಂತ ಪ್ರಯಾಣಿಕರ ಯೋಜನೆಯನ್ನು ಆರಂಭಿಸಲಾಗಿತ್ತು. ಅದಕ್ಕಿಂತ ಪರಿಣಾಮಕಾರಿಯಾದದ್ದು ದರ ನಿರ್ವಹಣೆ: ಕೊನೆಯ ಗಳಿಗೆಯಲ್ಲಿ ಹೆಚ್ಚು ಹಣ ಕೊಟ್ಟು ಬರುವ ಪ್ರಯಾಣಿಕರಿಗಾಗಿ ಎಷ್ಟು ಸೀಟು ತಡೆದಿಡಬೇಕು, ಎಷ್ಟನ್ನು ಮುಂಚಿತವಾಗಿ ಅಗ್ಗಕ್ಕೆ ಬಿಟ್ಟುಕೊಡಬೇಕು ಎಂಬುದನ್ನು ಹಿಂದಿನ ದಾಖಲೆಗಳ ಆಧಾರದ ಮೇಲೆ ಹಾರಾಟದಿಂದ ಹಾರಾಟಕ್ಕೆ ಲೆಕ್ಕ ಹಾಕುವುದು. 1985ರಲ್ಲಿ ಕಂಪನಿ ಈ ಬಲದಿಂದಲೇ ಅಗ್ಗದ ದರದ ವಿಮಾನ ಕಂಪನಿ ಪೀಪಲ್ ಎಕ್ಸ್‌ಪ್ರೆಸ್‌ಗೆ ಸವಾಲೆಸೆದು, ಕೆಲವು ಸೀಟುಗಳನ್ನು ಅದರ ದರಕ್ಕೇ ಮಾರಿ ಉಳಿದವನ್ನು ದುಬಾರಿ ಬೆಲೆಗೆ ಉಳಿಸಿಕೊಂಡಿತು. ಅಂಥ ಲೆಕ್ಕಾಚಾರದ ವ್ಯವಸ್ಥೆಯಿಲ್ಲದ, ಅದಾಗಲೇ ಸಾಲದ ಹೊರೆ ಹೊತ್ತಿದ್ದ ಪೀಪಲ್ ಎಕ್ಸ್‌ಪ್ರೆಸ್ ಮರುವರ್ಷವೇ ಟೆಕ್ಸಾಸ್ ಏರ್ ಪಾಲಾಯಿತು. ದರ ನಿರ್ವಹಣೆಯಿಂದ ಮೂರು ವರ್ಷಗಳಲ್ಲಿ 140 ಕೋಟಿ ಡಾಲರ್ ಲಾಭವಾಯಿತೆಂದು ಅಮೆರಿಕನ್ ಏರ್‌ಲೈನ್ಸಿನ ತಜ್ಞರೇ 1992ರಲ್ಲಿ ಅಂದಾಜಿಸಿದರು.

ಯಶಸ್ಸು ಎಲ್ಲ ಕಡೆಗೂ ಹರಡಲಿಲ್ಲ. ಹೋಟೆಲ್ ಮತ್ತು ಬಾಡಿಗೆ ಕಾರುಗಳಿಗಾಗಿ ಹಿಲ್ಟನ್, ಮ್ಯಾರಿಯಟ್, ಬಜೆಟ್ ಕಂಪನಿಗಳೊಂದಿಗೆ 1988ರಲ್ಲಿ ಕೈಗೊಂಡ 'ಕನ್‌ಫರ್ಮ್' ಯೋಜನೆ 1992ರಲ್ಲಿ ಕುಸಿದುಬಿತ್ತು. ಸೇಬರ್‌ನ ಬೆಳವಣಿಗೆಗೆ ಕಾರಣರಾದವರಲ್ಲಿ ಪ್ರಮುಖರಾದ ಮ್ಯಾಕ್ಸ್ ಹಾಪರ್ 1990ರಲ್ಲೇ ಒಂದು ಲೇಖನದಲ್ಲಿ, ವ್ಯವಸ್ಥೆಯ ಒಡೆತನದಿಂದ ಮೇಲುಗೈ ದೊರೆಯುವ ಕಾಲ ಮುಗಿಯಿತು, ಇನ್ನು ಮಾಹಿತಿಯನ್ನು ಬಳಸುವ ಜಾಣ್ಮೆಯೇ ಮುಖ್ಯ ಎಂದು ವಾದಿಸಿದ್ದರು. ಯುರೋಪಿನ ಕಂಪನಿಗಳು 1987ರಲ್ಲಿ ಹುಟ್ಟುಹಾಕಿದ 'ಅಮಡೇಯಸ್' ಆಗಲೇ ಪೈಪೋಟಿಗೆ ಇಳಿದಿತ್ತು. 1996ರಲ್ಲಿ ಸೇಬರ್ ಇಂಟರ್‌ನೆಟ್ ಗ್ರಾಹಕರಿಗಾಗಿ 'ಟ್ರಾವೆಲಾಸಿಟಿ' ತೆರೆಯಿತು. 2000ದಲ್ಲಿ ಸೇಬರ್ ಅಮೆರಿಕನ್ ಏರ್‌ಲೈನ್ಸಿನ ಮಾತೃಸಂಸ್ಥೆಯಿಂದ ಪೂರ್ತಿ ಬೇರ್ಪಟ್ಟು ಸ್ವತಂತ್ರ ಕಂಪನಿಯಾಯಿತು. ಪರದೆಗಳ ಕುರಿತ ಅಮೆರಿಕದ ಸರ್ಕಾರಿ ನಿಯಮಗಳು 2004ರಲ್ಲಿ ರದ್ದಾದವು. ಸೇಬರ್ ಮತ್ತು ಅದರ ಎದುರಾಳಿ ಅಮಡೇಯಸ್ ಎರಡಕ್ಕೂ ಇಂದು ಬೆಂಗಳೂರಿನಲ್ಲಿ ತಂತ್ರಾಂಶ ಅಭಿವೃದ್ಧಿ ಕೇಂದ್ರಗಳಿವೆ.