ಮಹಾವೀರಾಚಾರ್ಯನ ಕಂಠಿಕೆಗಳೂ ಒಂದು ಅವಿಭಾಜ್ಯ ಸಂಖ್ಯೆಯೂ

ರಿಪ್ಪನ್‌ಪೇಟೆಗೆ ಸಮೀಪದ ಹೊಂಬುಜವು ಸಾಂತರರ ರಾಜಧಾನಿಯಾಗಿಯೂ ಜೈನಕ್ಷೇತ್ರವಾಗಿಯೂ ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾಗಿದೆ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 2000ದಲ್ಲಿ ಪ್ರಕಟವಾದುದು ಅಲ್ಲಿಂದಲೇ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದೇ ಗ್ರಂಥವನ್ನು ಇಂಗ್ಲಿಷ್ ಅನುವಾದಸಹಿತವಾಗಿ ಹೊರತಂದಿದ್ದರು. ಇದರ ಎರಡು ಲೆಕ್ಕಗಳನ್ನು ಮುಂದಿಟ್ಟುಕೊಂಡು, ಪ್ರಾಚೀನ ಶಾಸ್ತ್ರಗ್ರಂಥವೊಂದರಿಂದ ಇತಿಹಾಸಕಾರನು ಎಷ್ಟನ್ನು ಹೇಳಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮಹಾವೀರಾಚಾರ್ಯನು ಗ್ರಂಥಾರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದ ಅವನ ಕಾಲವನ್ನು ಸುಮಾರು 850 ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಕೆಲವು ಗುಣಲಬ್ಧಗಳನ್ನು ಕಂಠಿಕೆ, ಎಂದರೆ ಕೊರಳ ಹಾರ, ಎಂದು ಕರೆದಿದ್ದಾನೆ. ಹಾರವನ್ನು ಯಾವ ತುದಿಯಿಂದ ನೋಡಿದರೂ ಮಣಿಗಳ ಕ್ರಮ ಒಂದೇ ಆಗಿರುವಂತೆ, ಈ ಸಂಖ್ಯೆಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 12345679ನ್ನು 9ರಿಂದ ಗುಣಿಸಿದರೆ 111111111. 333333666667ನ್ನು 33ರಿಂದ ಗುಣಿಸಿದರೆ 11000011000011.

ಈ ಎರಡು ಹಾರಗಳಲ್ಲಿಯೂ ಒಂದೇ ಮಣಿ ಅಡಗಿದೆ. 12345679 ಎಂಬುದು 37 ಮತ್ತು 333667ರ ಗುಣಲಬ್ಧ. 333333666667 ಎಂಬುದು 333667 ಮತ್ತು 999001ರ ಗುಣಲಬ್ಧ. 333667 ಅವಿಭಾಜ್ಯ ಸಂಖ್ಯೆ. 577ರವರೆಗಿನ ಅವಿಭಾಜ್ಯಗಳಲ್ಲಿ ಯಾವುದೂ ಇದನ್ನು ನಿಶ್ಶೇಷವಾಗಿ ಭಾಗಿಸದು. ಇದಕ್ಕೆ ಇನ್ನೊಂದು ವಿಶೇಷ ಗುಣವುಂಟು. 1ನ್ನು ಇದರಿಂದ ಭಾಗಿಸಿದರೆ ದಶಮಾಂಶದಲ್ಲಿ 000002997 ಎಂಬ ಒಂಬತ್ತು ಅಂಕಗಳು ಮರಳಿ ಮರಳಿ ಬರುತ್ತವೆ. ಒಂಬತ್ತು ಅಂಕಗಳ ಆವರ್ತವುಳ್ಳ ಅವಿಭಾಜ್ಯವು 999999999ನ್ನು ಭಾಗಿಸಲೇಬೇಕು. ಆ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 3, 37, 333667 ಮಾತ್ರ. 3ರ ಆವರ್ತ ಒಂದು ಅಂಕದ್ದು, 37ರದು ಮೂರು ಅಂಕಗಳದು. ಆದುದರಿಂದ ಈ ಗುಣವುಳ್ಳ ಅವಿಭಾಜ್ಯ 333667 ಒಂದೇ.

ಹಾಗಾದರೆ ಆಚಾರ್ಯನು ಇದನ್ನು ಬಲ್ಲವನಾಗಿದ್ದನೇ? ಹೌದೆನ್ನಲು ಅಭಿಮಾನವು ಪ್ರೇರಿಸುತ್ತದೆ. ಆದರೆ ಆಧಾರವು ಸಾಲದು. ಆ ಶ್ಲೋಕಗಳಲ್ಲಿರುವುದು ಗುಣಾಕಾರದ ಅಭ್ಯಾಸವೇ ಹೊರತು ಅವಿಭಾಜ್ಯಗಳ ವಿಚಾರವಲ್ಲ. ಈ ಸಂಖ್ಯೆ ಎರಡು ಕಡೆಯೂ ಬಂದುದಕ್ಕೆ ಕಾರಣವು ಹಾರದ ರಚನೆಯಲ್ಲಿಯೇ ಇದೆ. 1001001 ಎಂಬ ಚಿಕ್ಕ ಹಾರವು 333667ರ ಮೂರರಷ್ಟು; ಅದು ಮೇಲಿನ ಎರಡು ದೊಡ್ಡ ಹಾರಗಳನ್ನೂ ನಿಶ್ಶೇಷವಾಗಿ ಭಾಗಿಸುತ್ತದೆ. ಅಂಕಗಳನ್ನು ಸಮಾನ ಅಂತರದಲ್ಲಿ ಪೋಣಿಸಿದವನ ಕೈಗೆ ಆ ಅವಿಭಾಜ್ಯವು ಕರೆಯದೆಯೇ ಬಂದಿರಬಹುದು. ಆಚಾರ್ಯನು ಮೊದಲು ಹಾರವನ್ನು ಬರೆದುಕೊಂಡು ಬಳಿಕ 9, 33ರಿಂದ ಭಾಗಿಸಿ ಗುಣ್ಯವನ್ನು ಪಡೆದನೆಂದು ನಾವು ಊಹಿಸುತ್ತೇವೆ. ಇದು ಊಹೆಯೇ ಸರಿ.

ಅವನಿಗೆ ನ್ಯಾಯವಾಗಿ ಸಲ್ಲಬೇಕಾದ ಕೀರ್ತಿ ಬೇರೆಯೇ ಇದೆ. ಭಿನ್ನರಾಶಿಗಳ ಪ್ರಕರಣದಲ್ಲಿ ಛೇದಗಳ ಸಾಮಾನ್ಯ ಅಪವರ್ತನಗಳಿಂದ ಲಘುತಮ ಸಾಮಾನ್ಯ ಗುಣಿತವನ್ನು ಪಡೆಯುವ ವಿಧಾನವನ್ನು ಅವನು ‘ನಿರುದ್ಧ’ವೆಂಬ ಹೆಸರಿನಿಂದ ಸ್ಪಷ್ಟವಾಗಿ ನಿರೂಪಿಸಿದ್ದಾನೆ. ಅಪವರ್ತನಗಳನ್ನು ಕಂಡುಹಿಡಿಯುವ ಕ್ರಮವನ್ನೇ ವಿಷಯವನ್ನಾಗಿ ವಿವೇಚಿಸಿದ ನಾರಾಯಣ ಪಂಡಿತನ ಗಣಿತಕೌಮುದಿಯು ಐದು ಶತಮಾನಗಳ ಅನಂತರ, 1356ರಲ್ಲಿ, ರಚಿತವಾಯಿತು. ಸಂಖ್ಯೆಯ ಗುಣವು ಕಾಲಾತೀತವಾದುದು. ಅದರ ಅರಿವಿಗೆ ಮಾತ್ರ ಕಾಲವುಂಟು. ಇವೆರಡನ್ನೂ ಬೆರೆಸಿ ಪೂರ್ವಿಕರಿಗೆ ಇಲ್ಲದ ಹಾರವನ್ನು ತೊಡಿಸಿದರೆ, ಅವರು ನಿಜವಾಗಿ ಪೋಣಿಸಿದ ಹಾರವೇ ಕಣ್ಮರೆಯಾದೀತು.